ಗಂಟೆಯಮ್ಮನ ದನಿ

ಅವಳನ್ನು ಎಲ್ಲರೂ ಗಂಟೆಯಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಚರ್ಚಿನ ಆರ್ಗನ್ ಮೇಷ್ಟ್ರು. "ಈ ಹೆಣ್ಣುಮಗಳು ಬಾಯಿ ತೆಗೆದ್ರೆ ಗೋಪುರದ ಗಂಟೆ ಯಾಕ್ರೀ ಬೇಕು? ಹಗ್ಗ ಎಳೆಯೋನಿಗೆ ರಜಾ ಕೊಟ್ಬಿಡಿ" ಎಂದು ಒಂದು ಭಾನುವಾರ ಅವರು ನಗೆಯಾಡಿದ್ದೇ ನೆಪ, ಹೆಸರು ಅಂಟಿಕೊಂಡಿತು. ಆಗ ಅವಳಿಗೆ ಇಪ್ಪತ್ತೆರಡು, ಮದುವೆಯಾಗಿ ಮೂರು ತಿಂಗಳು. ಕ್ವಾಯರಿನ ಮುಂದಿನ ಸಾಲಿನ ಎಡತುದಿಯಲ್ಲಿ ನಿಂತು ಅವಳು ಹಾಡು ಎತ್ತಿಕೊಂಡರೆ, ತಡವಾಗಿ ಬಂದು ಬಾಗಿಲಲ್ಲಿ ಕೊಡೆ ಮಡಚುತ್ತಿದ್ದವರ ಕೈಯೂ ಅಲ್ಲೇ ನಿಲ್ಲುತ್ತಿತ್ತು.

ಹೊಟ್ಟೆಪಾಡಿಗೆ ಹೊಲಿಗೆ ಕಾರ್ಖಾನೆ. ಆಸ್ಪತ್ರೆಗಳಿಗೆ ಬೇಕಾದ ಕೋಟು, ಗೌನು ಹೊಲಿಯುವ ಜಾಗ. ನಲವತ್ತು ಮಷೀನು ಒಟ್ಟಿಗೆ ಓಡುವಾಗ ಪಕ್ಕದವಳು ಕೂಗಿದರೂ ಕೇಳಿಸದು. ಅವಳು ಮಾತ್ರ ಆ ತುದಿಯಿಂದ "ಏ, ಕಾಲರ್ ಉಲ್ಟಾ ಇಟ್ಟಿದ್ದೀಯ ನೋಡು" ಎಂದರೆ ಈ ತುದಿಯವಳ ಕಾಲು ಪೆಡಲಿನಿಂದ ಎದ್ದುಬಿಡುತ್ತಿತ್ತು. ಗಂಟಲಿನ ಬಲದಿಂದಲೇ ಸೂಪರ್‌ವೈಸರ್ ಆದವಳು ಎಂದು ಗೆಳತಿಯರು ರೇಗಿಸುತ್ತಿದ್ದರು. ಪೂರ್ತಿ ಸುಳ್ಳೇನಲ್ಲ.

ಮನೆಯಲ್ಲಿದ್ದವರು ಮೂವರೇ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಮಾತು ಕಡಿಮೆ, ಬೆರಳ ಸಂದಿಯಲ್ಲಿ ಸದಾ ಗ್ರೀಸು. ಇನ್ನೊಬ್ಬರು ಅತ್ತೆ. ಅವರಿಗೆ ಕಿವಿ ಎರಡೂ ಮಂದ, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಮಗ ಕಿವಿಯ ಹತ್ತಿರ ಬಂದು ಕಿರುಚಿದರೂ "ಏನು ಗೊಣಗ್ತೀಯೋ" ಎನ್ನುತ್ತಿದ್ದ ಮುದುಕಿಗೆ ಸೊಸೆ ಅಡುಗೆಮನೆಯಿಂದ ಆಡಿದ ಮಾತು ಸಲೀಸಾಗಿ ಕೇಳುತ್ತಿತ್ತು. ಲೋಕದಲ್ಲಿ ಅವರಿಗೆ ಕೇಳುವ ದನಿ ಅದೊಂದೇ. ಭಾನುವಾರ ಚರ್ಚಿನಲ್ಲಿ ಪಾಸ್ಟರ ಪ್ರಸಂಗ ನಡೆಯುವಷ್ಟು ಹೊತ್ತೂ ಅವರು ತೂಕಡಿಸುತ್ತಿದ್ದರು, ಸೊಸೆ ಹಾಡಲು ಎದ್ದಾಗ ಕಣ್ಣು ಬಿಡುತ್ತಿದ್ದರು.

ಮಕ್ಕಳಾಗಲಿಲ್ಲ. ಆ ಸಂಕಟವನ್ನೂ ಅವಳು ಹಾಡಿಯೇ ಕಳೆದಿದ್ದಳು.

ಮೂವತ್ತೊಂಬತ್ತಕ್ಕೆ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮೊದಲು ಹುಣಸೆಬೀಜದಷ್ಟಿತ್ತು, ಆರು ತಿಂಗಳಲ್ಲಿ ನಿಂಬೆಕಾಯಷ್ಟಾಯಿತು. ಡಾಕ್ಟರು ಹಾಳೆಯ ಮೇಲೆ ಗಂಟಲಿನ ಚಿತ್ರ ಬರೆದು ತೋರಿಸಿದರು. "ಇದನ್ನ ತೆಗೀಲೇಬೇಕಮ್ಮ, ಇಟ್ಕೊಳ್ಳೋ ಹಾಗಿಲ್ಲ. ಆದ್ರೆ ದನಿಯ ನರ ಇದಕ್ಕೇ ಅಂಟ್ಕೊಂಡಿದೆ. ಉಳಿಸೋಕೆ ನೋಡ್ತೀನಿ."

ಗಂಟು ಹೋಯಿತು, ಜೀವ ಉಳಿಯಿತು, ನರ ಉಳಿಯಲಿಲ್ಲ. ಎಚ್ಚರವಾದ ಮೇಲೆ ಅವಳು ಗಂಡನನ್ನು ಕರೆಯಲು ಬಾಯಿ ತೆರೆದಳು. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂಥ ಸದ್ದೊಂದು ಬಂತು. ತಾನೇ ಮಾಡಿದ ಸದ್ದು ಅದೆಂದು ಅವಳಿಗೆ ತಕ್ಷಣ ಗೊತ್ತಾಗಲಿಲ್ಲ. ಪಕ್ಕದ ಹಾಸಿಗೆಯತ್ತ ತಿರುಗಿ ನೋಡಿದಳು.

ಕಾರ್ಖಾನೆಯವರು ಒಳ್ಳೆಯವರೇ, ಕೆಲಸದಿಂದ ತೆಗೆಯಲಿಲ್ಲ. ಕಾಜಾ ಹಾಕುವ ಮಷೀನಿಗೆ ಕೂರಿಸಿದರು. ಗುಂಡಿ ತೂರುವ ಕಣ್ಣು ಹೊಲಿಯುವುದಕ್ಕೆ ಮಾತು ಬೇಡ. ಅವಳ ಜಾಗಕ್ಕೆ ಬಂದ ಹುಡುಗಿ ಕೊರಳಿಗೆ ಸೀಟಿ ಕಟ್ಟಿಕೊಂಡು ಓಡಾಡುತ್ತಿದ್ದಳು.

ಅದನ್ನೆಲ್ಲ ಅವಳು ನುಂಗಿಕೊಂಡಳು. ನುಂಗಲಾರದ್ದು ಬೇರೆಯೇ ಇತ್ತು. ಬೆಳಿಗ್ಗೆ ಎದ್ದು ಒಲೆ ಹಚ್ಚುವಾಗ ದೇವರ ಹತ್ತಿರ ಹೇಗೆ ಮಾತಾಡುವುದೆಂಬುದೇ ಅವಳಿಗೆ ತೋಚುತ್ತಿರಲಿಲ್ಲ. ಇಷ್ಟು ವರ್ಷ ಪಾತ್ರೆ ತೊಳೆಯುತ್ತ ಹಾಡಿದ್ದು, ಬಸ್ಸಿಗೆ ಕಾಯುತ್ತ ಗುನುಗಿದ್ದು, ಅದೇ ಅವಳ ಪ್ರಾರ್ಥನೆ. ಬೇರೆ ಪ್ರಾರ್ಥನೆ ಅವಳಿಗೆ ಬರುತ್ತಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಎದೆಯೊಳಗೆ ಹಾಡು ಏಳುತ್ತಿತ್ತು, ಗಂಟಲಿನವರೆಗೆ ಬಂದು, ಬೀಗ ಹಾಕಿದ ಮನೆಯ ಮುಂದೆ ನಿಂತ ನೆಂಟನ ಹಾಗೆ ನಿಂತುಬಿಡುತ್ತಿತ್ತು.

ಪ್ರಾರ್ಥನಾಕೂಟದ ಹೆಂಗಸರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಅವರಲ್ಲೊಬ್ಬಳು ಅವಳ ಕೈ ಹಿಡಿದು, "ಪೂರ್ತಿ ನಂಬಿಕೆಯಿಟ್ಟು ಕೇಳಮ್ಮ, ಬಂದೇ ಬರತ್ತೆ. ನಂಬಿಕೆ ಎಲ್ಲೋ ಕಮ್ಮಿ ಆಗಿರಬೇಕು, ನೋಡ್ಕೋ" ಎಂದಳು. ಅವಳು ತಲೆಯಾಡಿಸಿದಳು. ಅವರು ಹೋದ ಮೇಲೆ ಹಣ್ಣಿನ ಬುಟ್ಟಿಯನ್ನು ಮೂಲೆಗೆ ತಳ್ಳಿ, ಗೋಡೆಗೆ ಮುಖ ಮಾಡಿ ಮಲಗಿದಳು.

ಎರಡು ತಿಂಗಳು ಚರ್ಚಿಗೆ ಹೋಗಲಿಲ್ಲ. ಒಂದು ಸಂಜೆ ಪಾಸ್ಟರೇ ಮನೆಗೆ ಬಂದರು. ಅವಳು ಸ್ಲೇಟಿನ ಮೇಲೆ ಬರೆದು ಅವರ ಮುಂದೆ ಹಿಡಿದಳು: 'ಕೊಟ್ಟಿದ್ದು ಒಂದೇ. ಅದನ್ನೇ ಯಾಕೆ ಕಿತ್ತುಕೊಂಡ?'

ಪಾಸ್ಟರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. "ನಂಗೂ ಗೊತ್ತಿಲ್ಲಮ್ಮ. ಗೊತ್ತಿರೋ ಹಾಗೆ ಮಾತಾಡಿದ್ರೆ ಅದು ಸುಳ್ಳಾಗತ್ತೆ. ಆದ್ರೆ ಈ ಪ್ರಶ್ನೆ ನನ್ನ ಹತ್ರ ಕೇಳ್ಬೇಡಿ, ಅವನ ಹತ್ರಾನೇ ಕೇಳಿ. ಜಗಳ ಆಡೋಕಾದ್ರೂ ಅವನ ಮನೆಗೆ ಬನ್ನಿ."

ಜಗಳಕ್ಕೆಂದೇ ಅವಳು ಹೋದಳು. ಕ್ವಾಯರಿನ ಕಡೆ ತಿರುಗಿಯೂ ನೋಡದೆ ಹಿಂದಿನ ಬೆಂಚಿಗೆ ಹೋಗಿ ಗಂಡನ ಪಕ್ಕ ಕುಳಿತಳು. ಹದಿನೇಳು ವರ್ಷದಲ್ಲಿ ಚರ್ಚಿನೊಳಗೆ ಅವರಿಬ್ಬರೂ ಜೊತೆಯಾಗಿ ಕೂತದ್ದು ಅದೇ ಮೊದಲು. ಅವನು ಎಷ್ಟು ಅಪಸ್ವರದಲ್ಲಿ ಹಾಡುತ್ತಾನೆಂಬುದೂ ಅಂದೇ ಗೊತ್ತಾಯಿತು. ಸಂಕಟದ ನಡುವೆಯೂ ಅವಳಿಗೆ ನಗು ಬಂತು. ಆಮೇಲೆ ಮುಂದಿನ ಸಾಲಿನ ಎಡತುದಿ ಕಣ್ಣಿಗೆ ಬಿತ್ತು. ಅಲ್ಲಿ ಇನ್ನೂ ಯಾರೂ ನಿಂತಿರಲಿಲ್ಲ. ಆ ಖಾಲಿ ಜಾಗವನ್ನು ನೋಡಿ ಅವಳಿಗೆ ಹೊಟ್ಟೆಯಲ್ಲಿ ಹಸಿವಿನಂಥ ನೋವಾಯಿತು. ವಾರವಾರವೂ ಹೋದಳು, ವಾರವಾರವೂ ಅದೇ ಹಸಿವು.

ಮನೆಯಲ್ಲಿ ಅತ್ತೆ ಮಂಕಾಗಿದ್ದರು. ಸೊಸೆಯ ದನಿ ನಿಂತದ್ದೇ ಅವರ ಲೋಕವೂ ಪೂರ್ತಿ ಮೌನವಾಗಿತ್ತು. ಅವರು ಅದನ್ನು ಹೇಳಿಕೊಳ್ಳಲಿಲ್ಲ, ಬದಲಿಗೆ ಎಲ್ಲದಕ್ಕೂ ಸಿಡಿಮಿಡಿಗುಟ್ಟುತ್ತಿದ್ದರು. ಚಳಿಗಾಲದಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು. ಆ ವಯಸ್ಸಿಗೆ ಮೂಳೆ ಕೂಡುವುದಿಲ್ಲ ಎಂದರು ಡಾಕ್ಟರು. ಅವಳು ಕಾರ್ಖಾನೆಗೆ ರಜೆ ಹಾಕಿ ಅತ್ತೆಯ ಮಂಚದ ಪಕ್ಕ ಕುಳಿತಳು.

ಒಂದು ಮಧ್ಯಾಹ್ನ ಅವಳು ಬಟ್ಟೆ ಮಡಚುತ್ತಿದ್ದಾಗ ಅತ್ತೆ ಇದ್ದಕ್ಕಿದ್ದಂತೆ, "ಏನೇ, ಒಂದು ಹಾಡು ಹೇಳೇ" ಎಂದರು.

ಮುದುಕಿಗೆ ಅರಳುಮರಳಾಗಿರಬೇಕು ಎಂದುಕೊಂಡಳು. ಸ್ಲೇಟು ತೆಗೆದು 'ದನಿ ಇಲ್ಲ ಅತ್ತೆ' ಎಂದು ಬರೆದಳು.

ಅತ್ತೆ ಓದಿ ಮುಖ ಸಿಂಡರಿಸಿದರು. "ಅದು ಗೊತ್ತಿಲ್ವಾ ನಂಗೆ? ನಿಂಗೆ ದನಿ ಇಲ್ಲ, ನಂಗೆ ಕಿವಿ ಇಲ್ಲ. ಸರಿಹೋಯ್ತಲ್ಲ! ಯಾರಿಗೆ ಕೇಳಿಸತ್ತೆ ಅಂತ ನಾಚ್ಕೋತೀಯ? ಬಾ ಇಲ್ಲಿ."

ಅವಳು ಮಂಚದ ಅಂಚಿಗೆ ಕುಳಿತಳು. ಅತ್ತೆ ಸುಕ್ಕುಗಟ್ಟಿದ ಕೈ ಚಾಚಿ, ಆಪರೇಷನ್ನಿನ ಗೆರೆಯ ಕೆಳಗೆ, ಎದೆಯ ಮೂಳೆಯ ಮೇಲೆ ಅಂಗೈ ಒತ್ತಿ ಇಟ್ಟುಕೊಂಡರು. "ಹ್ಞೂಂ, ಶುರು ಮಾಡು."

ಅವಳು ಬಾಯಿ ತೆರೆದಳು. ಬಂದದ್ದು ಗಾಳಿ, ಅದರೊಳಗೆ ಎಲ್ಲೋ ಒಂದು ಗೊರಗೊರ. ನಿಲ್ಲಿಸಲು ಹೋದಳು. ಅತ್ತೆ ಕಣ್ಣು ಕೆಕ್ಕರಿಸಿದರು. ಮತ್ತೆ ಮುಂದುವರಿಸಿದಳು. ಕುರುಬನು ಕಳೆದುಹೋದದ್ದನ್ನು ಹುಡುಕುವ ಹಳೆಯ ಹಾಡು, ಐದು ಚರಣ. ಮೂರನೆಯದಕ್ಕೆ ಬರುವ ಹೊತ್ತಿಗೆ ಎದೆಯೊಳಗೆ ಸಣ್ಣಗೆ ಏನೋ ನಡುಗುತ್ತಿರುವುದು ಅವಳಿಗೇ ತಿಳಿಯಿತು. ಅತ್ತೆಯ ಬೆರಳುಗಳು ಅದಕ್ಕೆ ತಕ್ಕಂತೆ ಮೆಲ್ಲಗೆ ಕುಣಿಯುತ್ತಿದ್ದವು. ಹಾಡು ಮುಗಿಯಿತು.

"ಎರಡನೇ ಚರಣ ಬಿಟ್ಟೆ ಕಣೇ" ಎಂದರು ಅತ್ತೆ. "ಕಿವಿ ಇಲ್ಲ ಅಂತ ಮೋಸ ಮಾಡ್ತೀಯಾ? ತುಟಿ ಕಾಣ್ಸಲ್ವಾ ನಂಗೆ?"

ಅವಳು ನಕ್ಕಳು. ನಗುನಗುತ್ತಲೇ ಅಳು ಒತ್ತರಿಸಿ ಬಂತು. ಅತ್ತೆ ಕೈ ತೆಗೆಯಲಿಲ್ಲ. ಅತ್ತು ಮುಗಿದಾಗ ಅವಳಿಗೆ ಅನಿಸಿತು: ಆಪರೇಷನ್ ಆದ ಮೇಲೆ ದೇವರ ಹತ್ತಿರ ತಾನು ಬಾಯಿಬಿಟ್ಟು ಮಾತಾಡಿದ್ದು ಇದೇ ಮೊದಲು.

ಅಲ್ಲಿಂದ ದಿನಾ ಮಧ್ಯಾಹ್ನ ಹಾಡು. ಹನ್ನೊಂದು ವಾರ ನಡೆಯಿತು. ಕೊನೆಕೊನೆಗೆ ಅತ್ತೆಯ ಕೈಗೆ ಶಕ್ತಿ ಇರಲಿಲ್ಲ, ಅವಳೇ ಆ ಕೈಯನ್ನು ಎತ್ತಿ ತನ್ನ ಎದೆಗೆ ಒತ್ತಿಹಿಡಿದುಕೊಳ್ಳುತ್ತಿದ್ದಳು. ಒಂದು ಮಂಗಳವಾರ, ಹಾಡಿನ ನಡುವೆ, ಆ ಕೈ ಭಾರವಾಯಿತು. ಅವಳು ಚರಣವನ್ನು ಮುಗಿಸಿ ಗಂಡನಿಗೆ ಹೇಳಿಕಳಿಸಿದಳು.

ಸಮಾಧಿಯ ಹತ್ತಿರ ಕ್ವಾಯರಿನವರು ಹಾಡಿದರು. ಎಡತುದಿಯಲ್ಲಿ ಈಗ ಹೊಸಬಳೊಬ್ಬಳು ನಿಂತಿದ್ದಳು. ದನಿ ಚೆನ್ನಾಗಿತ್ತು. ಚೆನ್ನಾಗಿದೆಯೆಂದು ಒಪ್ಪಿಕೊಳ್ಳಲು ಅವಳಿಗೆ ಬಹಳ ದಿನ ಹಿಡಿಯಿತು. ಕಡೆಗೊಂದು ಭಾನುವಾರ ಆ ಹುಡುಗಿಯನ್ನು ಹೊರಗೆ ನಿಲ್ಲಿಸಿಕೊಂಡು, ಉಸಿರನ್ನು ಎಲ್ಲಿ ಹಿಡಿಯಬೇಕು ಎಂಬುದನ್ನು ಅವಳ ಪಕ್ಕೆಲುಬಿನ ಮೇಲೆ ಬೆರಳಿಟ್ಟು ತೋರಿಸಿದಳು. ಮನೆಗೆ ಬಂದು ಊಟ ಮಾಡದೆ ಮಲಗಿದಳು.

ಎರಡು ವರ್ಷದ ಮೇಲೆ ಡಾಕ್ಟರು ಕೊನೆಯ ಸಲ ಗಂಟಲಿಗೆ ಕನ್ನಡಿ ಹಿಡಿದು ನೋಡಿದರು. ದನಿ ಸ್ವಲ್ಪ ಮರಳಿತ್ತು, ಎದುರು ಕೂತವರಿಗೆ ಕೇಳುವಷ್ಟು. ಗಂಡ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ.

"ಏನಂದ್ರು?"

"ಇಷ್ಟೇ ಅಂತೆ. ಇನ್ನು ಮೇಲಕ್ಕೆ ಬರಲ್ವಂತೆ" ಎಂದಳು ಒಡಕು ದನಿಯಲ್ಲಿ.

ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದರು. ಅಲ್ಲಿ ಅವನು ಗ್ರೀಸಿನ ಬೆರಳುಗಳನ್ನು ನೋಡಿಕೊಳ್ಳುತ್ತ, "ಹಂಗಾದ್ರೆ ಇನ್ನು ದನಿ ಬೇಕು ಅಂತ ದೇವರ ಹತ್ರ ಕೇಳೋದು ಬಿಟ್ಬಿಡ್ತೀಯಾ? ಬೆಳಿಗ್ಗೆ ಬೆಳಿಗ್ಗೆ ಕೇಳ್ತೀಯಲ್ಲ, ಒಲೆ ಮುಂದೆ?" ಎಂದ.

ಅವನು ಅದನ್ನು ಗಮನಿಸಿದ್ದಾನೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಯಾಕ್ರೀ ಬಿಡ್ಲಿ?" ಎಂದಳು. "ಬೇಕು ಅನ್ನೋದು ಹೋಗಿಲ್ವಲ್ಲ. ಬೇಕಾಗಿರೋದನ್ನ ಅವನ ಹತ್ರ ಅಲ್ದೆ ಇನ್ಯಾರ ಹತ್ರ ಕೇಳ್ಲಿ? ಕೊಡ್ದೇ ಇದ್ರೆ ಕೊಡ್ದೇ ಇರ್ಲಿ. ನಾಳೆ ಮತ್ತೆ ಕೇಳ್ತೀನಿ."

ಬಸ್ಸು ಬಂತು. ಒಳಗೆ ಒಂದೇ ಸೀಟು ಖಾಲಿಯಿತ್ತು. ಅವಳು ಕುಳಿತಳು, ಅವನು ಪಕ್ಕದಲ್ಲಿ ಕಂಬಿ ಹಿಡಿದು ನಿಂತ.