ದೂಮಪ್ಪನವರ ‘ಓಡ’

ಕಮಲಾ, ‘ಓಡ’ ಎಂಬ ಮಾತಿನ ಬಗ್ಗೆ ನಾನು ಅಚ್ಚು ಹಾಕಿಸಿದ ಲೇಖನ ನನ್ನದಲ್ಲ — ನಿನ್ನ ಅಪ್ಪನದು. ಅಕ್ಷರ ಮಾತ್ರ ನನ್ನದು, ತಿಳಿವಳಿಕೆ ಪೂರ್ತಿ ಅವನದು. ಕದ್ದೆ. ಇದಕ್ಕಿಂತ ಹಗುರದ ಮಾತು ಹುಡುಕಿದೆ, ಸಿಗಲಿಲ್ಲ.

ಅರುವತ್ತನೇ ಇಸವಿಯ ಆಸುಪಾಸು. ನಾನು ಬಂಟ್ವಾಳದಲ್ಲಿ ಕನ್ನಡ ಮಾಸ್ಟ್ರು. ನನ್ನನ್ನು ದಿನಾ ನೇತ್ರಾವತಿ ದಾಟಿಸುತ್ತಿದ್ದವನು ನಿನ್ನ ಅಪ್ಪ ದೂಮಪ್ಪ. ಹುಟ್ಟು ಹಾಕುವ ಸಣ್ಣ ದೋಣಿಗೆ ತುಳುವಿನಲ್ಲಿ ಓಡ ಎನ್ನುತ್ತಾರಲ್ಲ — ಓಡುತ್ತದೆ, ಅದಕ್ಕೆ ಓಡ, ಎಂದು ಒಮ್ಮೆ ದೊಡ್ಡಸ್ತಿಕೆಯಿಂದ ಹೇಳಿದೆ. ಅವನು ನಕ್ಕುಬಿಟ್ಟ.

“ಎಂತ ಮಾಸ್ಟ್ರೇ, ತುಳುವಿನಲ್ಲಿ ಓಡುವುದಕ್ಕೆ ನಾವು ಬಲಿಪುನಿ ಅಂತ ಅಲ್ವಾ ಹೇಳುವುದು? ನಿಮ್ಮ ಆ ‘ಓಡು’ ಎಂಬ ಮಾತು ನಮ್ಮ ಅಜ್ಜಂದಿರಿಗೂ ಇದ್ದಿರಬೇಕು. ದಡದಲ್ಲಿ ಹೋಯಿತು, ನೀರಿನಲ್ಲಿ ಉಳಿಯಿತು.”

ಅವನ ಮನೆಯಲ್ಲಿ ಹೊಸ ದೋಣಿಯನ್ನು ದಡದಲ್ಲಿರುವಷ್ಟು ದಿನ ‘ಮರ’ ಎಂದೇ ಕರೆಯುವುದಂತೆ. ಒಂದು ಸಲ ಆಚೆ ದಡ ಮುಟ್ಟಿ ಬಂದ ಮೇಲೆಯೇ ಅದು ಓಡ. ನಾನು ಬಾಯಿ ಮುಚ್ಚಿ ಕೇಳಿದೆ. ಬರೆಯುತ್ತೇನೆ ಎಂದಾಗ ಅವನು ಕೇಳಿದ್ದು ಒಂದೇ — “ನನ್ನ ಹೆಸರು ಹಾಕ್ತೀರಲ್ಲ? ಮಗಳು ಓದಿ ಹೇಳ್ತಾಳೆ.”

ಹಾಕಲಿಲ್ಲ. ಮೂಡುಬಿದಿರೆಯ ಪಂಡಿತರೆಲ್ಲ ಓದುವ ಸಂಚಿಕೆ — ಓದು ಬಾರದ ದೋಣಿಯವನ ಮಾತೆಂದರೆ ನಕ್ಕಾರು ಎಂದು... ‘ನನ್ನ ಊಹೆ’ ಎಂದು ಬರೆದೆ. ಶಾಲು ಹೊದೆಸಿದರು. ಹೊದ್ದುಕೊಂಡೆ.

ಆಮೇಲೆ ನೀನು ಆ ಸಂಚಿಕೆ ಎದೆಗೊತ್ತಿಕೊಂಡು ಬಂದು ತರಗತಿಯಲ್ಲಿ ಎಲ್ಲರೆದುರು ಕೇಳಿದೆ: “ಸರ್, ಅಪ್ಪನ ಹೆಸರು ಯಾವ ಪುಟದಲ್ಲಿ ಉಂಟು?”

“ಪ್ರೆಸ್ಸಿನವರು ಬಿಟ್ಟಿದ್ದಾರೆ,” ಎಂದೆ. ಛೇ! ಎಷ್ಟು ಸಲೀಸಾಗಿ ಬಂತು ಆ ಸುಳ್ಳು.

ನಿನ್ನ ಅಪ್ಪ ಅದನ್ನು ನಂಬಿದ. ಒಂದು ದಿನ ದೋಣಿ ಕಟ್ಟಿಹಾಕಿ, ಬಿಳಿ ಅಂಗಿ ತೊಟ್ಟು, ಬಸ್ಸು ಹಿಡಿದು ಮೂಡುಬಿದಿರೆಯ ಪ್ರೆಸ್ಸಿಗೇ ಹೋದ. ಅವರು ನನ್ನ ಕೈಬರಹ ತೆಗೆದು ಓದಿ ಹೇಳಿದರು — ನಿಮ್ಮ ಹೆಸರು ಇದರಲ್ಲಿ ಇಲ್ಲವೇ ಇಲ್ಲ.

ಮರುದಿನ ಅವನೇ ನನ್ನನ್ನು ದಾಟಿಸಿದ. ನಾನು ದಡಕ್ಕೆ ಕಾಲಿಟ್ಟ ಮೇಲೆ ಹೇಳಿದ — “ಹೆಸರು ಹಾಕಲಿಕ್ಕೆ ನಾಚಿಕೆ ಅಂತಾದರೆ ನನಗೇ ಹೇಳಬಹುದಿತ್ತು, ಮಾಸ್ಟ್ರೇ. ಮಗಳಿಗೆ ಯಾಕೆ ಸುಳ್ಳು ಹೇಳಿದ್ದು?”

ಆ ವರ್ಷವೇ ಬೆಳ್ತಂಗಡಿಗೆ ವರ್ಗ ಕೇಳಿಕೊಂಡು ಹೋದೆ — ಓಡಿಹೋದೆ. ಅವನು ತೀರಿಕೊಂಡಾಗಲೂ ಬರಲಿಲ್ಲ.

ನೋಡು, ಇಷ್ಟುದ್ದಕ್ಕೂ ‘ಅವನು’ ಎಂದೇ ಬರೆದಿದ್ದೇನೆ. ಆ ಸೊಕ್ಕು ಇನ್ನೂ ಸತ್ತಿಲ್ಲ. ತಿದ್ದದೆ ಹಾಗೇ ಬಿಟ್ಟಿದ್ದೇನೆ, ನೀನು ನೋಡಬೇಕು.

ನನ್ನ ಬಳಿ ಇರುವ ಪ್ರತಿಯಲ್ಲಿ ನನ್ನ ಹೆಸರು ಹೊಡೆದುಹಾಕಿ ‘ಹೇಳಿದವರು: ದೂಮಪ್ಪನವರು’ ಎಂದು ಬರೆದು ಇದರ ಜೊತೆ ಕಳಿಸುತ್ತಿದ್ದೇನೆ. ನೀನು ಕೇಳಿದ ಪುಟ, ಹನ್ನೊಂದು. ನೀನು ಓದಿ ಹೇಳಿದರೆ ಕೇಳಲು ಈಗ ಅವರಿಲ್ಲ.