ಆಬ್ಲಿವಿಯನ್ ಅಂದರೆ…

ಬೆಳಿಗ್ಗೆ ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯಲು ಬಿಟ್ಟು, ರೇಷ್ಮೆ ಸೀರೆಗಳನ್ನು ಬಿಸಿಲಿಗೆ ಹರವೋಣವೆಂದು ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆಯ ಜೊತೆಗೇ, ಮದುವೆ ಸೀರೆಯ ಮಡಿಕೆಯಿಂದ ಹನ್ನೆರಡು ಪೋಸ್ಟ್‌ಕಾರ್ಡುಗಳು ಜಾರಿ ಬಿದ್ದವು. ಎಲ್ಲದರ ಮೇಲೂ ತವರಿನ ಪಕ್ಕದ ಮನೆ ಟೀಚರ್ ತಮ್ಮ ಕೈಯಾರೆ ಬರೆದ ಅವರದೇ ವಿಳಾಸ. ಹಿಂಬದಿ ಖಾಲಿ.

ಐವತ್ತರ ದಶಕದ ಕೊನೆಯ ಮಾತು. ತ್ಯಾಗರಾಜನಗರದಲ್ಲಿ ನಮ್ಮ ಕಾಂಪೌಂಡಿಗೆ ಅಂಟಿದ ಮನೆ ಅವರದು. ಮದುವೆಯಾಗದೆ ಉಳಿದು, ರಿಟೈರಾಗಿ, ಒಬ್ಬರೇ ಇದ್ದರು. ಕಾನ್ವೆಂಟಿನಲ್ಲಿ ತಿಳಿಯದ ಇಂಗ್ಲಿಷ್ ಪದವನ್ನೆಲ್ಲ ಅವರ ಬಳಿ ಒಯ್ಯುತ್ತಿದ್ದೆ. ಡಿಕ್ಷನರಿ ಮುಟ್ಟಲು ಬಿಡುತ್ತಿರಲಿಲ್ಲ. "ಉರು ಹೊಡೀಬೇಡ, ಕಣ್ಣಲ್ಲಿ ನೋಡು ಬಾ," ಎಂದು ಕೊಡೆ ಹಿಡಿದು ಹೊರಟುಬಿಡುತ್ತಿದ್ದರು.

'ಆಬ್ಲಿವಿಯನ್' ತೋರಿಸಲು ಉತ್ತರಹಳ್ಳಿ ದಾರಿಯವರೆಗೂ ನಡೆಸಿದರು. ಅಲ್ಲೊಂದು ಬಾವಿಯ ಪಕ್ಕ ವೀರಗಲ್ಲು ಅಡ್ಡಬಿದ್ದಿತ್ತು. ಕತ್ತಿ ಎತ್ತಿದ ಕೈ ಉಳಿದಿತ್ತು. ಮುಖ ಸವೆದು ನುಣುಪಾಗಿತ್ತು. ಅದರ ಮೇಲೆ ಹೆಂಗಸೊಬ್ಬಳು ಬಟ್ಟೆ ಒಗೆಯುತ್ತಿದ್ದಳು.

"ಇವನು ಯಾರಮ್ಮ?" ಟೀಚರ್ ಕೇಳಿದರು.

"ಯಾರೂ ಇಲ್ಲ ಕಣವ್ವ, ಕಲ್ಲು! ನಮ್ಮತ್ತೆ ಕಾಲ್ದಿಂದ್ಲೂ ಇದ್ರ ಮ್ಯಾಲೇ ಒಗೆಯೋದು. ದೂರ ನಿಂತ್ಕಳಿ, ನೀರು ಸಿಡೀತದೆ."

ಟೀಚರ್ ನನ್ನ ಕಡೆ ತಿರುಗಿ, "ತಿಳೀತಾ? ಹೆಸರೂ ಉಳಿಯದಂಥ ಮರೆವು. ಈಗ ನೀನೊಂದು ವಾಕ್ಯ ಮಾಡು," ಎಂದರು. ನನಗೆ ನಗು ಬಂದಿತ್ತು…

ಮದುವೆಯಾಗಿ ಕಲ್ಕತ್ತೆಗೆ ಹೊರಟ ದಿನ ಈ ಕಾರ್ಡುಗಳನ್ನು ಕೈಗಿಟ್ಟರು. "ತಿಂಗಳಿಗೊಂದು. ವಿಳಾಸ ಬರೆಯೋ ಕಷ್ಟಾನೂ ಇಲ್ಲ ನಿನಗೆ. ಒಂದೇ ವಾಕ್ಯ ಸಾಕು ಕಣೇ. ನನಗೆ ಕಾಗದ ಹಾಕೋರು ಬೇರೆ ಯಾರಿದ್ದಾರೆ?"

ಮೊದಲ ಕಾರ್ಡಿಗೆ ಒಳ್ಳೆಯ ವಾಕ್ಯ ಹುಡುಕುತ್ತ ಕೂತೆ. ತಪ್ಪಾದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತಾರೇನೋ ಎಂಬ ಅಳುಕು. ಆಮೇಲೆ ಅತ್ತೆಯ ಕಾಯಿಲೆ, ತವರಿಗೂ ಬರಲಾಗಲಿಲ್ಲ… ಆಮೇಲೆ, ಇಷ್ಟು ತಡವಾಗಿ ಏನೆಂದು ಬರೆಯಲಿ ಎಂಬ ನಾಚಿಕೆ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಟೀಚರ್ ಗೇಟಿನಲ್ಲಿ ನಿಂತಿರುತ್ತಾರೆಂದು ಅಮ್ಮ ಎರಡು ಸಲ ಬರೆದಿದ್ದಳು. ಎರಡನೆಯ ವರ್ಷ, ಉಪ್ಪಿನಕಾಯಿ ಕೆಟ್ಟ ಸುದ್ದಿಯ ಕೆಳಗೆ, ಅವರು ಹೋದರೆಂದು ಒಂದು ಸಾಲು.

ಈಗ ಆ ಮುಖ ನೆನೆಯಲು ಹೋದರೆ ಕೊಡೆಯೊಂದೇ ಬರುತ್ತದೆ. ಅವರನ್ನು ನೆನೆಯಬೇಕಾದವಳು ನಾನೊಬ್ಬಳೇ ಇದ್ದೆ.

ಸಂಜೆ ಪಕ್ಕದ ಮನೆಯ ಹುಡುಗಿ ಹೆಪ್ಪಿಗೆ ಮೊಸರು ಕೇಳಲು ಬಂದಳು. ಮೇಜಿನ ಮೇಲಿದ್ದ ಕಾರ್ಡೊಂದನ್ನು ತಿರುಗಿಸಿ ನೋಡಿದಳು.

"ಹಿಂದುಗಡೆ ಎಲ್ಲಾ ಖಾಲಿ ಇದೆಯಲ್ಲಾ ಆಂಟಿ! ಸಾಮಾನು ಚೀಟಿ ಬರೆಯೋಕೆ ಒಂದೆರಡು ಕೊಡಿ."