ಮುಂದಿನ ಬೊಟ್ಟು, ಹಿಂದಿನ ಬೊಟ್ಟು

ನಾನು ಕೊಯಮತ್ತೂರಿನ ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತಾರು ವರ್ಷದಿಂದ ಮೋಟಾರುಗಳ ಪಾಠ ಹೇಳುತ್ತಿದ್ದೇನೆ. ಮೋಟಾರು ಯಾಕೆ ತಿರುಗುತ್ತದೆ, ಯಾಕೆ ನಿಲ್ಲುತ್ತದೆ, ಯಾಕೆ ಬಿಸಿಯಾಗುತ್ತದೆ ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹೊಸದನ್ನು ಕಲಿಯಲು ನನಗೆ ಹೆದರಿಕೆಯೂ ಇಲ್ಲ. ಕನ್ನಡ ಅಕ್ಷರವನ್ನೇ ನಲವತ್ತು ದಾಟಿದ ಮೇಲೆ ಕಲಿತವಳು; ಅಲ್ಲಿಯತನಕ ಕನ್ನಡವೆಂದರೆ ಮನೆಯೊಳಗೆ ಆಡುವ ಮಾತು, ಅಷ್ಟೆ. ಹಾಗಾಗಿ ಸಿಂಗಾನಲ್ಲೂರಿನ ನಮ್ಮ ಶೆಡ್ಡಿನಿಂದ ಕಾರನ್ನು ಬೀದಿಗೆ ಅಟ್ಟಿ, ಆ ಜಾಗದಲ್ಲಿ ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಮರದಲ್ಲಿ ಕೆತ್ತುವ ಪುಟ್ಟ ಸಿಎನ್‌ಸಿ ಯಂತ್ರವೊಂದನ್ನು ನಾನೇ ಜೋಡಿಸಿ ನಿಲ್ಲಿಸಿದಾಗ ಯಾರೂ ಆಶ್ಚರ್ಯಪಡಲಿಲ್ಲ. ಕಾರಿನ ಮೇಲೆ ಕಾಗೆಗಳು ಕೂರುತ್ತವೆಂದು ಗಂಡ ಎರಡು ದಿನ ಗೊಣಗಿ ಸುಮ್ಮನಾದರು.

ಅದಕ್ಕೆ ಮೊದಲ ದೊಡ್ಡ ಕೆಲಸ ತಂದವಳು ಅಕ್ಕ. ಅವಳನ್ನು ಕೊಟ್ಟಿದ್ದು ಧಾರಾಪುರದ ಅಜ್ಜಿಯ ಮನೆಗೇ, ಸೋದರಮಾವನ ಮಗನಿಗೆ. ಆ ಮನೆಯ ಉಗ್ರಾಣದ ಬಾಗಿಲು ಹಲಸಿನ ಮರದ್ದು. ಮನೆ ರಿಪೇರಿ ಮಾಡಿಸುವಾಗ ಅದನ್ನು ಬಿಚ್ಚಿಸಿ, ಗಟ್ಟಿಯಿದ್ದ ಎರಡು ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದಳು. ದೀಪಾವಳಿ ಕಳೆದ ಮೇಲೆ ಅವಳ ಮಗಳ ಮದುವೆ. ಹೆಣ್ಣು ಗಂಡು ಕೂರುವ ಹಸೆಮಣೆ ಎರಡನ್ನೂ ಅಜ್ಜಿಯ ಬಾಗಿಲಿನಿಂದಲೇ ಮಾಡಬೇಕೆಂಬುದು ಅಕ್ಕನ ಆಸೆ.

ಒಂದು ಹಲಗೆಯ ನಡುವೆ ಅಂಗೈಯಗಲದ ಕಪ್ಪು ಮಚ್ಚೆಯಿತ್ತು. ಅಜ್ಜಿ ದಿನಕ್ಕೆ ಹತ್ತು ಸಲ ಬಾಗಿಲು ತಳ್ಳುತ್ತಿದ್ದ ಜಾಗ ಅದು. ಎಣ್ಣೆ, ಅರಿಶಿನ, ಬೆವರು ಎಲ್ಲ ಇಳಿದು ಮರ ಅಲ್ಲಿ ಕನ್ನಡಿಯಂತೆ ನುಣುಪಾಗಿತ್ತು.

"ಇದು ಹೆಣ್ಣು ಕೂರೋ ಮಣೆ. ಏನು ಬೇಕಾದ್ರೂ ಕೆತ್ತು, ಈ ಜಾಗಾನ ಮಾತ್ರ ತೊಡ್ಬೇಡ, ಏನೂ ತಾಗ್ಬಾರ್ದು" ಎಂದಳು ಅಕ್ಕ. "ಹಲಗೆ ಎರಡೇ ಇರೋದು. ಇನ್ನೊಂದು ಕೇಳಿದ್ರೆ ನಾನು ಎಲ್ಲಿಗೆ ಹೋಗ್ಲಿ?"

"ಯಾರ ಹತ್ರ ಹೇಳ್ತಾ ಇದೀಯ?" ಎಂದೆ ನಾನು. ಆಗ ನನ್ನ ಮೂಗು ಎಷ್ಟು ಎತ್ತರದಲ್ಲಿತ್ತೋ ದೇವರಿಗೇ ಗೊತ್ತು.

ನಡುವಿನ ಮಚ್ಚೆಯನ್ನು ಬಿಟ್ಟು ಸುತ್ತ ಒಂದು ಬಳ್ಳಿ ಹಬ್ಬುವ ಹಾಗೆ ಚಿತ್ರ ಬರೆದೆ. ಗಂಡಿನ ಮಣೆಯನ್ನು ಮೊದಲು ಕೆತ್ತಿದೆ. ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಅಷ್ಟರಲ್ಲಿ ಆಯುಧಪೂಜೆ ಬಂತು.

ಕೊಯಮತ್ತೂರಿನವರಿಗೆ ಆಯುಧಪೂಜೆಯ ವಿಷಯ ಹೇಳಬೇಕಾಗಿಲ್ಲ. ಯಂತ್ರವಿರುವ ಕಡೆ ಒಂದು ನಟ್ಟೂ ಕೊಳೆಯಾಗಿರುವಂತಿಲ್ಲ. ನಾನೂ ಹಿಂದಿನ ದಿನ ಕೂತು ಎಲ್ಲ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಮತ್ತೆ ಜೋಡಿಸುತ್ತಿದ್ದೆ. ಕೆತ್ತುವ ಅಲಗನ್ನು ಉದ್ದಕ್ಕೆ ಸರಿಸುವ ಮೋಟಾರಿಗೂ ಅದು ತಿರುಗಿಸುವ ಉದ್ದನೆಯ ಸ್ಕ್ರೂವಿಗೂ ನಡುವೆ ಕಪ್ಲಿಂಗ್ ಎಂಬ ಬೆರಳುದ್ದದ ಕೊಳವೆಯಿರುತ್ತದೆ. ಮೋಟಾರಿನ ಶಾಫ್ಟು ಒಂದು ಕಡೆಯಿಂದ, ಸ್ಕ್ರೂ ಇನ್ನೊಂದು ಕಡೆಯಿಂದ ಅದರೊಳಗೆ ಹೋಗಿ ಕೂರುತ್ತವೆ. ಅವನ್ನು ಹಿಡಿದಿಡಲು ಬದಿಯ ಸಣ್ಣ ತೂತುಗಳಲ್ಲಿ ತಲೆಯಿಲ್ಲದ ಪುಟ್ಟ ಸ್ಕ್ರೂಗಳು. ಉದ್ದನೆಯ ಸ್ಕ್ರೂವಿನ ಕಡೆಯವನ್ನು ಅಲೆನ್ ಕೀ ಎಂಬ ಆರುಮೂಲೆಯ ಕಡ್ಡಿಯಿಂದ ಬಿಗಿ ಮಾಡಿ, ಮೋಟಾರಿನ ಕಡೆಯದನ್ನು ಹಗುರಾಗಿ ತಿರುಗಿಸಿ ಕೂರಿಸಿದ್ದೆ. ಅದನ್ನೂ ಬಿಗಿ ಮಾಡುವುದಷ್ಟೇ ಬಾಕಿ. ಆಗ ಒಳಗಿನಿಂದ ಅಮ್ಮನ ಕೂಗು.

"ನನ್ ಕಣ್ಣು, ಹತಾರ ಎಲ್ಲ ತಗೊಂಡು ಬಾ. ಪೂಜೆಗೆ ಇಡ್ಬೇಕು."

ಸ್ಪ್ಯಾನರು, ಸ್ಕ್ರೂಡ್ರೈವರು, ಅಲೆನ್ ಕೀಗಳು ಎಲ್ಲವೂ ಈಳಿಗೆಮಣೆ, ಕತ್ತರಿಗಳ ಪಕ್ಕ ತಟ್ಟೆಯಲ್ಲಿ ಕೂತವು. ಒಮ್ಮೆ ಪೂಜೆಗೆ ಕೂತ ಹತಾರವನ್ನು ವಿಜಯದಶಮಿಯತನಕ ಮುಟ್ಟುವಂತಿಲ್ಲ. ಅಮ್ಮ ಶೆಡ್ಡಿಗೆ ಬಂದು, ಇದರ ಜೀವ ಎಲ್ಲಿದೆ ಎಂದು ಕೇಳಿದಳು. ನಾನು ಮೇಷ್ಟರ ಗತ್ತಿನಲ್ಲಿ ಆ ಕಪ್ಲಿಂಗನ್ನು ತೋರಿಸಿದೆ. ಅದರ ಮೇಲೊಂದು ಗಟ್ಟಿ ಗಂಧದ ಬೊಟ್ಟು, ನಡುವೆ ಕುಂಕುಮ. ಮೋಟಾರಿನ ಹಿಂಬದಿಯಲ್ಲಿ ಹೊರಗೆ ಚಾಚಿಕೊಂಡಿರುವ ಶಾಫ್ಟಿನ ತುದಿಗೂ ಒಂದು ಬೊಟ್ಟು. ಎರಡನ್ನೂ ಮೇಲ್ಮುಖವಾಗಿ ನೇರಕ್ಕೆ ಇಟ್ಟಳು. ಎಂಬತ್ತು ದಾಟಿದ್ದರೂ ಅವಳ ಕೈ ನಡುಗುವುದಿಲ್ಲ.

ವಿಜಯದಶಮಿಯ ಬೆಳಿಗ್ಗೆ ಅಮ್ಮ ಒದ್ದೆ ಬಟ್ಟೆ ಹಿಡಿದು ಬಂದಳು. ನಮ್ಮ ಮನೆಯ ಪದ್ಧತಿ ಅದು: ಪೂಜೆ ಮುಗಿದ ಮೇಲೆ ಹತಾರದ ಗಂಧ ಒರೆಸಿಯೇ ಕೆಲಸಕ್ಕೆ ತೆಗೆದುಕೊಳ್ಳಬೇಕು.

"ಅಮ್ಮಾ, ಅಲ್ಲಿ ನೀರು ತರ್ಬೇಡ! ಕರೆಂಟು ಇದೆ" ಎಂದು ರೇಗಿದೆ. "ಮಿಲ್ಲುಗಳಲ್ಲಿ ನೋಡು, ವರ್ಷವೆಲ್ಲಾ ಬಿಟ್ಟಿರ್ತಾರೆ. ಚೆನ್ನಾಗಿದೆ, ಇರ್ಲಿ."

"ಸೆರಿ, ನಿಂಗೆ ಗೊತ್ತಿಲ್ಲದ್ದಾ" ಎಂದು ಒಳಗೆ ಹೋದಳು. ನಾನು ಬಾಕಿಯಿದ್ದ ಸ್ಕ್ರೂವಿಗೆ ಬೊಟ್ಟಿನ ನಡುವಿನಿಂದಲೇ ಅಲೆನ್ ಕೀ ಚುಚ್ಚಿ ತಿರುಗಿಸಿದೆ. ತಿರುಗಲಿಲ್ಲ. ಬಿಗಿಯಾಗಿಯೇ ಇದೆ ಎಂದುಕೊಂಡೆ.

ಹೆಣ್ಣಿನ ಮಣೆ ಕೆತ್ತಲು ಕೂತದ್ದು ಅದಾಗಿ ಹತ್ತು ದಿನದ ಮೇಲೆ. ಕಾಲು ಭಾಗ ಮುಗಿಯುವತನಕ ಚೆನ್ನಾಗಿತ್ತು. ಆಮೇಲೆ ಮೂಲೆಯಲ್ಲಿ ತಿರುಗಬೇಕಾದ ಬಳ್ಳಿ ಎರಡು ಮಿಲಿಮೀಟರ್ ಪಕ್ಕಕ್ಕೆ ಹಾರಿ ಬೇರೆ ದಾರಿ ಹಿಡಿಯಿತು. ಓಡಿಹೋಗಿ ನಿಲ್ಲಿಸಿದೆ. ಅದೇ ತಪ್ಪು ಮುಂದುವರಿದಿದ್ದರೆ ಅಜ್ಜಿಯ ಮಚ್ಚೆಯ ಮೇಲೆ ಹೋಗುತ್ತಿತ್ತು.

ಈ ಯಂತ್ರದಲ್ಲಿರುವ ಸ್ಟೆಪ್ಪರ್ ಮೋಟಾರಿನ ಸ್ವಭಾವ ನನಗೆ ಗೊತ್ತು. ಅದು ಎಣಿಸಿಕೊಂಡು ಹೆಜ್ಜೆ ಇಡುತ್ತದೆ, ಹಿಂತಿರುಗಿ ನೋಡುವುದಿಲ್ಲ. ನೂರು ಹೆಜ್ಜೆ ಹೇಳಿದಾಗ ತೊಂಬತ್ತೇ ಹೋಗಿದ್ದರೂ ನೂರು ಹೋದೆನೆಂದೇ ನಂಬಿಕೊಂಡಿರುತ್ತದೆ. ಹೆಜ್ಜೆ ತಪ್ಪುವ ಕಾರಣಗಳನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಒಂದೊಂದಾಗಿ ಹಿಡಿದೆ. ಮೋಟಾರನ್ನು ನಡೆಸುವ ಡ್ರೈವರ್ ಪೆಟ್ಟಿಗೆಯಲ್ಲಿ ಕರೆಂಟು ಸ್ವಲ್ಪ ಏರಿಸಿದೆ. ವೇಗ ಇಳಿಸಿದೆ. ಸಿಗ್ನಲ್ ತಂತಿಗಳನ್ನು, ಕೆತ್ತುವ ಅಲಗನ್ನು ತಿರುಗಿಸುವ ದೊಡ್ಡ ಮೋಟಾರಿನ ತಂತಿಯಿಂದ ದೂರ ಸರಿಸಿದೆ. ಉದ್ದಕ್ಕೆ ಓಡಿಸುವ ಡ್ರೈವರನ್ನೂ ಅಗಲಕ್ಕೆ ಓಡಿಸುವುದನ್ನೂ ಅದಲು ಬದಲು ಮಾಡಿದೆ. ತಪ್ಪು ಡ್ರೈವರಿನ ಜೊತೆ ಹೋಗಲಿಲ್ಲ, ಉದ್ದದ ಕಡೆಯೇ ಉಳಿಯಿತು. ಥರ್ಮಕೋಲಿನ ಮೇಲೆ ಓಡಿಸಿದರೆ ಸರಿ; ಹಲಸಿನ ತುಂಡೊಂದನ್ನು ಇಟ್ಟರೆ ಮತ್ತೆ ತಪ್ಪು. ಒಂದು ವಾರ ಹೀಗೇ ಹೋಯಿತು. ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಅಕ್ಕ ಫೋನು ಮಾಡಿದಾಗಲೆಲ್ಲ, ಆಗ್ತಾ ಇದೆ ಎಂದೆ. ಹಾಗೆ ಹೇಳುವಾಗ ನಾಚಿಕೆಯಾಗುತ್ತಿತ್ತು.

"ಮೋಟಾರೇ ಕೆಟ್ಟಿದೆ" ಎಂದು ಕೊನೆಗೆ ತೀರ್ಪು ಕೊಟ್ಟೆ. "ನಾಳೆ ಹೋಗಿ ಬೇರೆ ತರ್ತೀನಿ."

ಅಮ್ಮ ಶೆಡ್ಡಿನ ಬಾಗಿಲಲ್ಲಿ ಮೊರ ಇಟ್ಟುಕೊಂಡು ಮುರುಂಗೆಸೊಪ್ಪು ಬಿಡಿಸುತ್ತಿದ್ದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು.

ಮೈ ಉರಿಯಿತು. "ಹಾಗಾದ್ರೆ ನೀನೇ ಬಂದು ನೋಡು."

ಅವಳು ನಿಜವಾಗಿಯೂ ಎದ್ದು ಬಂದಳು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ಮೋಟಾರಿನ ಹಿಂದೆ ನೋಡಿದಳು, ಮುಂದೆ ನೋಡಿದಳು.

"ಆ ಹಿಂದಿನ ಕಡ್ಡೀನೂ ಈ ಮುಂದಿನ ಕೊಳವೇನೂ ಒಟ್ಟಿಗೆ ತಾನೆ ತಿರುಗ್ಬೇಕು?"

"ಆಮಾ. ಒಂದೇ ಶಾಫ್ಟು."

"ನಾನು ಎರಡು ಬೊಟ್ಟೂ ಮೇಲೆ ನೋಡೋ ಹಾಗೆ ಇಟ್ಟಿದ್ದೆ. ಈಗ ಹಿಂದಿನದು ನನ್ನ ನೋಡ್ತಾ ಇದೆ, ಮುಂದಿನದು ಗೋಡೆ ನೋಡ್ತಾ ಇದೆ. ಅದೆಂಗೆ?"

ನಾನು ಬಗ್ಗಿದೆ. ಬಗ್ಗಿದವಳು ಹಾಗೇ ನಿಂತೆ. ಮೋಟಾರು ಒಂದು ಹೆಜ್ಜೆಯನ್ನೂ ತಪ್ಪಿರಲಿಲ್ಲ. ಶಾಫ್ಟು ಸರಿಯಾಗಿ ತಿರುಗುತ್ತಿತ್ತು. ಕಪ್ಲಿಂಗ್ ಅದರ ಮೇಲೆ ಜಾರುತ್ತಿತ್ತು. ಮರ ಗಟ್ಟಿಯಾದಾಗಲೆಲ್ಲ ಇಷ್ಟಿಷ್ಟೇ. ಬೊಟ್ಟಿನ ಗಂಧವನ್ನು ಸೂಜಿಯಿಂದ ಕೆರೆದೆ. ಅದರ ಕೆಳಗೆ ಆ ಪುಟ್ಟ ಸ್ಕ್ರೂವಿನ ತೂತು. ಗಂಧ ಅದರ ತಳದತನಕ ತುಂಬಿ ಕಲ್ಲಾಗಿತ್ತು. ವಿಜಯದಶಮಿಯಂದು ಅಲೆನ್ ಕೀ ಗಂಧಕ್ಕೆ ಸಿಕ್ಕಿಕೊಂಡದ್ದನ್ನು ನಾನು ಬಿಗಿಯೆಂದು ತಿಳಿದಿದ್ದೆ. ಸ್ಕ್ರೂ ಪೂಜೆಯ ಹಿಂದಿನ ದಿನ ಹಗುರಾಗಿ ತಿರುಗಿಸಿದಷ್ಟೇ ಇತ್ತು. ತೂತು ಚೊಕ್ಕ ಮಾಡಿ ಕೀ ಇಟ್ಟರೆ ಪೂರ್ತಿ ಒಂದು ಸುತ್ತು ತಿರುಗಿತು.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು ನನ್ನ ಕಥೆ. ಆದರೆ ನಗು ಬರಲಿಲ್ಲ, ಯಾಕೆಂದರೆ ಅಮ್ಮನ ಮುಖ ಸಣ್ಣಗಾಗಿತ್ತು.

"ನಾನು ಇಟ್ಟ ಗಂಧಾನೇ ಕೆಡಿಸ್ತಾ? ಮಗುವಿನ ಮಣೆ..." ಎಂದಳು.

"ನೀನಲ್ಲಮ್ಮ. ಒರೆಸೋಕೆ ಬಂದೋಳನ್ನ ಬೈದು ಕಳ್ಸಿದ್ದು ಯಾರು?"

ಆದರೂ ಹಲಗೆ ಕೆಟ್ಟದ್ದು ಕೆಟ್ಟದ್ದೇ. ಮೇಲಿನ ಪದರವನ್ನು ಸಮನಾಗಿ ಹೆರೆದುಹಾಕಿದರೆ ತಪ್ಪು ಹೋಗುತ್ತದೆ, ಜೊತೆಗೆ ಅಜ್ಜಿಯ ಕೈಯೂ ಹೋಗುತ್ತದೆ. ನಾನು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಮ್ಮ ತುಂಡಾದ ಬಳ್ಳಿಯ ಮೇಲೆ ಬೆರಳಾಡಿಸಿದಳು.

"ಬಾಗಿಲಲ್ಲಿ ಹಿಟ್ಟಿನ ಕೋಲ ಹಾಕುವಾಗ ಗೆರೆ ತಪ್ಪಿದ್ರೆ ಏನು ಮಾಡ್ತೀವಿ? ಅಷ್ಟನ್ನೂ ಅಳಿಸ್ತೀವಾ? ಅಲ್ಲೊಂದು ಹೂವಿಡ್ತೀವಿ. ಮಿಕ್ಕ ಮೂರು ಮೂಲೇಲೂ ಅದನ್ನೇ ಇಟ್ರೆ ಆಯ್ತು. ಮೊದ್ಲೇ ಹಂಗೆ ನೆನೆಸಿದ್ವಿ ಅಂದ್ಕೊಳ್ತಾರೆ."

ಕಂಪ್ಯೂಟರಿನ ಮುಂದೆ ಕೂತು, ಮುರಿದ ಎರಡು ತುದಿಗಳನ್ನೂ ನುಂಗುವಷ್ಟು ದೊಡ್ಡ ಮೊಗ್ಗು ಬರೆದೆ. ನಾಲ್ಕು ಮೂಲೆಗೆ ನಾಲ್ಕು. ಗಂಡಿನ ಮಣೆಗೂ ಅದನ್ನೇ ಸೇರಿಸಿದೆ. ಈ ಸಲ ಯಂತ್ರ ಓಡುವಾಗ ಅಮ್ಮ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದಳು. ಮುಂದಿನ ಬೊಟ್ಟಿನ ಜಾಗಕ್ಕೂ ಹಿಂದಿನದಕ್ಕೂ ನಾನು ಮಾರ್ಕರಿನಿಂದ ಗೆರೆ ಎಳೆದಿದ್ದೆ. ಅವೆರಡರ ಮೇಲೇ ಅವಳ ಕಣ್ಣು. ಕೆತ್ತನೆ ಮುಗಿಯುವತನಕ ಎರಡು ಗೆರೆಗಳೂ ಒಂದನ್ನೊಂದು ಬಿಡಲಿಲ್ಲ.

ಮದುವೆಯ ದಿನ ಅಕ್ಕನ ಮಗಳು ಕೂರುವ ಮುಂಚೆ ಬಗ್ಗಿ ಆ ಕಪ್ಪು ಮಚ್ಚೆಯ ಮೇಲೆ ಅಂಗೈಯಿಟ್ಟಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ತಡೆಯಲಾಗಲಿಲ್ಲ.

ಊಟವಾಗಿ ಜನ ಚದುರಿದ ಮೇಲೆ ಮಣೆಗಳು ಅರಿಶಿನ, ಕುಂಕುಮ, ಅಕ್ಷತೆ ಮೆತ್ತಿಕೊಂಡು ಮಂಟಪದಲ್ಲೇ ಬಿದ್ದಿದ್ದವು. ಮೊಗ್ಗಿನ ಗೀರುಗಳಲ್ಲೆಲ್ಲ ಗಂಧ ಇಳಿದಿತ್ತು. ಅಮ್ಮ ಎಲ್ಲಿಂದಲೋ ಒದ್ದೆ ಬಟ್ಟೆಯೊಂದನ್ನು ಹಿಂಡಿಕೊಂಡು ಬಂದು ನನ್ನ ಮುಂದೆ ಹಿಡಿದಳು. ನಾನು ಈ ಸಲ ಪಾಠ ಹೇಳಲಿಲ್ಲ. ರೇಷ್ಮೆಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ನೆಲಕ್ಕೆ ಕೂತು, ಗಂಧ ಒಣಗುವ ಮುಂಚೆಯೇ ಒರೆಸಿದೆ.